ಉಪ್ಪುಗಲ್ಲಿನ ಖಾಲಿ ಖಾನೆ

ರಾಜೀವನಗರ, ಮೈಸೂರು
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಮಗಳು ಸಂಘಮಿತ್ರಳಿಗೆ ಅಮ್ಮನ ತುಂಬು ಮನಸ್ಸಿನ ಹಾರೈಕೆಗಳು.

ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ನೀನು ಆ ಹಿಮಾಚಲದ ಚಳಿಯಲ್ಲಿ ಕಿವಿ ಮುಚ್ಚುವ ಹಾಗೆ ಟೋಪಿ ಹಾಕಿಕೊಳ್ಳುತ್ತಿದ್ದೀಯೆಂದು ನಂಬಿದ್ದೇನೆ. ಹೋದ ಸಲ ವಿಡಿಯೋದಲ್ಲಿ ಬರೀ ತಲೆಯಲ್ಲಿ ನಿಂತಿದ್ದೆ, ನೋಡಿ ಕೋಪ ಬಂತು. ಬೆಟ್ಟ ಹತ್ತಿ ಕಲ್ಲು ಒಡೆಯುವವಳಿಗೆ ನೆಗಡಿಯಾಗುವುದಿಲ್ಲ ಎಂದು ಯಾರು ಹೇಳಿದರು?

ನಿನ್ನ ಪಾರ್ಸೆಲ್ ಬಂದು ಇಪ್ಪತ್ತೆರಡು ದಿನವಾಯಿತು. ನೀನು ಮೂರು ಸಲ ಫೋನಿನಲ್ಲಿ ಕೇಳಿದೆ, ಮೂರು ಸಲವೂ ನಾನು "ಬಂತು, ಓದ್ತಾ ಇದೀನಿ" ಎಂದು ಮಾತು ತಿರುಗಿಸಿದೆ. ಓದುವುದಕ್ಕೆ ಇದ್ದದ್ದು ನಾಲ್ಕೇ ಹಾಳೆ. ಬಂದ ದಿನವೇ ಓದಿದ್ದೆ. ತಡ ಮಾಡಿದ್ದು ಕಣ್ಣಿನ ಪೊರೆಯಿಂದಲ್ಲ, ಮಂಡಿ ನೋವಿನಿಂದಲೂ ಅಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ನಿಮ್ಮಪ್ಪ ಟಿವಿ ಸದ್ದು ಕಡಿಮೆ ಮಾಡಿ "ಏನಾಯ್ತು, ಏನಾಯ್ತು" ಎನ್ನುತ್ತಾರೆ. ಕಾಗದದಲ್ಲಾದರೆ ನನ್ನನ್ನು ಯಾರೂ ತಡೆಯುವುದಿಲ್ಲ.

ವಿಷಯ ಇಷ್ಟು. ಮ್ಯೂಸಿಯಂನ ಸ್ಮರಣ ಸಂಚಿಕೆಗೆ ನೀನು ಬರೆದಿರುವ ಲೇಖನದ ಮೊದಲನೇ ಸಾಲು ತಪ್ಪಾಗಿದೆ. ಅಚ್ಚಿಗೆ ಹೋಗುವ ಮುಂಚೆ ಅದನ್ನು ತಿದ್ದಬೇಕು. ಡಿಸೆಂಬರ್ ಐದರವರೆಗೆ ಕಾಯುತ್ತೇನೆ ಎಂದಿದ್ದಾಳೆ ಸಂಚಿಕೆಯ ಹೊಣೆ ಹೊತ್ತಿರುವ ಅಕ್ಷತಾ. ಏನು ತಪ್ಪು ಎನ್ನುವುದನ್ನು ಹೇಳುತ್ತೇನೆ, ಆದರೆ ಅಲ್ಲಿಗೆ ಬರಲು ನನಗೆ ಸ್ವಲ್ಪ ಸುತ್ತು ದಾರಿ ಬೇಕು. ಸಹಿಸಿಕೋ.

ಮೊದಲು ಇಲ್ಲಿಯ ಸುದ್ದಿ. ಕಾಲೇಜಿನ ಭೂವಿಜ್ಞಾನದ ಮ್ಯೂಸಿಯಂ ಹಳೇ ಕಟ್ಟಡದಿಂದ ಹೊಸದಕ್ಕೆ ಹೋಗುತ್ತಿದೆ, ನಿನಗೆ ಗೊತ್ತೇ ಇದೆ. ನಿವೃತ್ತಿಯಾಗಿ ಎರಡು ವರ್ಷವಾದ ಅಟೆಂಡರನ್ನು ಮತ್ತೆ ಕರೆಸಿಕೊಂಡಿದ್ದಾರೆ ನೋಡು, ನಿಮ್ಮಮ್ಮನ ಬೆಲೆ! ಅಕ್ಷತಾ ಹೊಸ ಲೆಕ್ಚರರ್, ಪಿಎಚ್‌ಡಿ ಮಾಡಿದವಳು, ಸ್ವಲ್ಪವೂ ಜಂಬವಿಲ್ಲ. ಮೊದಲನೇ ದಿನ ಎರಡು ಕಲ್ಲು ಕೈಯಲ್ಲಿ ಹಿಡಿದುಕೊಂಡು, "ಸಾಕಮ್ಮನೋರೇ, ಎರಡೂ ಪಟ್ಟೆಪಟ್ಟೆ ನೈಸ್ ಕಲ್ಲು ಅಂತ ನಂಗೂ ಗೊತ್ತು. ನಂಬರ್ ನಲವತ್ತೊಂದು ಯಾವ್ದು, ನಲವತ್ತೆರಡು ಯಾವ್ದು?" ಎಂದಳು.

"ಮೂಲೆ ಮುಕ್ಕಾಗಿರೋದು ನಲವತ್ತೊಂದು ಕಣಮ್ಮ. ಫೈನಲ್ ಇಯರ್ ಹುಡುಗಿ ಒಬ್ಳು ವೈವಾದಲ್ಲಿ ಹೆದರ್ಕೊಂಡು ಕೈ ಬುಟ್ಬುಟ್ಲು."

ಅವಳು ನಕ್ಕು ನಕ್ಕು ಸಾಕಾಗಿ, ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ನಿನ್ನ ಲೇಖನವನ್ನು ಎದುರುಮನೆ ಲಕ್ಷ್ಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನಾನೂರ ಐವತ್ತು ಕೋಟಿ ವರ್ಷದ ಹಿಂದೆ ಧೂಳೂ ಕಲ್ಲೂ ಸೂರ್ಯನ ಸುತ್ತ ತಿರುಗುತ್ತಾ, ಒಂದಕ್ಕೊಂದು ಡಿಕ್ಕಿ ಹೊಡೆದು ಅಂಟಿಕೊಂಡು ಉಂಡೆಯಾದದ್ದು, ಆ ಉಂಡೆ ಕೊತಕೊತ ಕುದಿದದ್ದು, ಭಾರದ ಕಬ್ಬಿಣ ತಳಕ್ಕೆ ಇಳಿದು ಹಗುರವಾದದ್ದೆಲ್ಲ ಮೇಲೆ ಬಂದದ್ದು, ಮೇಲ್ಗಡೆ ಆರಿ ಗಟ್ಟಿಯಾದದ್ದು. ಅಷ್ಟೂ ಹೊತ್ತು ಲಕ್ಷ್ಮಮ್ಮ ಅವರೇಕಾಯಿ ಬಿಡಿಸುತ್ತಾ ಹೂಂ ಹೂಂ ಎನ್ನುತ್ತಿದ್ದಳು. ಭೂಮಿಯ ಮೇಲಿನ ಗಟ್ಟಿ ಪದರ ಒಂದೇ ತುಂಡಾಗಿಲ್ಲ, ಒಡೆದ ದೊಡ್ಡ ದೊಡ್ಡ ಫಲಕಗಳಾಗಿದೆ, ಅವು ಸರಿಯುತ್ತಲೇ ಇರುತ್ತವೆ ಎಂದಾಗ ಕೈ ನಿಲ್ಲಿಸಿದಳು. ಕಾದ ಹಾಲಿನ ಕೆನೆ ಒಡೆದು ಅತ್ತಿತ್ತ ಸರಿಯುವ ಹಾಗೆ ಎಂದು ನಾನೇ ಬಿಡಿಸಿ ಹೇಳಿದೆ. ಕೆಳಗಿರುವುದು ಹಾಲಿನ ಹಾಗೆ ನೀರಲ್ಲ, ಬಿಸಿಯಾದ ಕಲ್ಲೇ, ಬಹಳ ಬಹಳ ನಿಧಾನವಾಗಿ ಹರಿಯುವ ಕಲ್ಲು ಎಂದೂ ಸೇರಿಸಿದೆ. ತಪ್ಪಿಲ್ಲ ತಾನೇ?

"ಅಂದ್ರೆ ನಾವೂ ಸರೀತಾ ಇದೀವಾ?" ಎಂದಳು.

"ಹೂಂ ಮತ್ತೆ. ವರ್ಷಕ್ಕೆ ಹೆಚ್ಚುಕಮ್ಮಿ ಐದು ಸೆಂಟಿಮೀಟರು. ಈಶಾನ್ಯದ ಕಡೆಗೆ."

"ಅಯ್ಯೋ ಸಿವನೇ! ವಿಜಯನಗರದಲ್ಲಿ ನಮ್ಮ ಯಜಮಾನ್ರು ತಕ್ಕೊಂಡಿರೋ ಸೈಟು?"

"ಸೈಟೂ ಹೋಯ್ತದೆ, ಬೇಲೀನೂ ಹೋಯ್ತದೆ, ನೀನೂ ಹೋಯ್ತೀಯ. ಎಲ್ರೂ ಒಟ್ಗೆ ಹೋಗೋವಾಗ ಯಾರಿಗೂ ಲುಕ್ಸಾನಿಲ್ಲ ಬುಡು."

ಮತ್ತೆ ಅವರೇಕಾಯಿ ಕೈಗೆತ್ತಿಕೊಂಡು, "ಈಶಾನ್ಯ ಅಂದ್ರೆ ವಾಸ್ತು ಪ್ರಕಾರ ಒಳ್ಳೇದೇ ಅಲ್ವಾ ಸಾಕಮ್ಮ?" ಎಂದಳು. ನಿಮ್ಮಪ್ಪ ಒಳಗಿನಿಂದ ಕೇಳಿಸಿಕೊಂಡು ಕೆಮ್ಮು ಬರುವ ತನಕ ನಕ್ಕರು.

ನನಗೆ ಲೇಖನದಲ್ಲಿ ಬಹಳ ಹಿಡಿಸಿದ್ದು ನೀನು ನಮ್ಮೂರಿನ ಬಗ್ಗೆ ಬರೆದಿರುವುದು. ನಾವು ಮೆಟ್ಟಿಕೊಂಡು ಓಡಾಡುವ ಈ ಮೈಸೂರು ಸೀಮೆಯ ಕಲ್ಲಿಗೆ ಮುನ್ನೂರು ಕೋಟಿ ವರ್ಷ, ಚಾಮುಂಡಿ ಬೆಟ್ಟದ ಗ್ರಾನೈಟು ಅದರ ಮುಂದೆ ಎಂಬತ್ತು ಕೋಟಿ ವರ್ಷದ ಎಳೇ ಕೂಸು ಎಂದಿದ್ದೀಯ. ಈ ನೆಲ ಒಂದು ಕಾಲಕ್ಕೆ ಮಡಗಾಸ್ಕರಿಗೆ ಅಂಟಿಕೊಂಡಿತ್ತು, ಬಿಟ್ಟು ಬಂತು, ಕೋಟ್ಯಂತರ ವರ್ಷ ಸಮುದ್ರದಲ್ಲಿ ಸಾಗಿ ಏಷ್ಯಾಕ್ಕೆ ಹೋಗಿ ಗುದ್ದಿ ಹಿಮಾಲಯ ಎದ್ದಿತು, ಗುದ್ದಾಟ ಇನ್ನೂ ಮುಗಿದಿಲ್ಲ. ಇಷ್ಟೆಲ್ಲ ಆದರೂ ನಮಗೆ ಕುಳಿತಲ್ಲಿ ಲೋಟದ ನೀರೂ ಅಲುಗುವುದಿಲ್ಲ. ಇಪ್ಪತ್ನಾಲ್ಕು ವರ್ಷ ಆ ಕಲ್ಲುಗಳ ಧೂಳು ಒರೆಸಿದವಳು ನಾನು, ಆದರೂ ಓದುವಾಗ ಮೈ ಜುಮ್ ಎಂದಿತು. ಇದನ್ನು ಬರೆದವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ಹೆಮ್ಮೆಪಟ್ಟೆ.

ಆದರೆ ಮೊದಲನೇ ಸಾಲು. "ಒಂಬತ್ತನೇ ವಯಸ್ಸಿನಲ್ಲಿ ನಾನು ಒಂದು ಸಮುದ್ರವನ್ನು ಬಕೆಟ್ಟಿನಲ್ಲಿ ಕರಗಿಸಿಬಿಟ್ಟೆ, ಆ ತಪ್ಪನ್ನು ಸರಿಪಡಿಸಲೆಂದೇ ಭೂವಿಜ್ಞಾನ ಓದಿದೆ." ಅಕ್ಷತಾಳಿಗೆ ಈ ಸಾಲು ಪ್ರಾಣ. ಸಂಚಿಕೆಯ ಹಿಂಬದಿಯ ರಟ್ಟಿನ ಮೇಲೂ ಹಾಕಿಸುತ್ತಾಳಂತೆ. ಜೊತೆಗೆ ನೀನು ಕಳಿಸಿದ ಉಪ್ಪುಗಲ್ಲು, ಅದಕ್ಕೆ ಸುತ್ತಿದ ಚೀಟಿ: "ನೂರ ಎಂಬತ್ತೇಳನೇ ಖಾನೆಗೆ, ಕ್ಷಮೆ ಕೋರಿ." ಆ ಚೀಟಿ ಓದಿ ನಾನು ಅಡಿಗೆಮನೆಯಲ್ಲಿ ಕೂತುಬಿಟ್ಟೆ. ಒಲೆಯ ಮೇಲಿದ್ದ ಸಾರು ಸೀದು ಹೋಯಿತು.

ಹೋದ ಭಾನುವಾರ ಕಲ್ಲನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ವಿಜಯನಗರಕ್ಕೆ, ಸದಾಶಿವಯ್ಯ ಮೇಷ್ಟ್ರ ಮನೆಗೆ ಹೋದೆ. ಆಗ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದವರು, ಈಗ ಅವರಿಗೆ ಎಂಬತ್ನಾಲ್ಕು. ಕಲ್ಲನ್ನು ಕೈಗೆ ಕೊಟ್ಟೆ. ಕನ್ನಡಕ ಮೇಲೆತ್ತಿ, ತಿರುಗಿಸಿ ನೋಡಿ, ನಾಲಿಗೆ ಚಾಚಿ ನೆಕ್ಕಿಬಿಟ್ಟರು! ಸೊಸೆ ಓಡಿ ಬಂದು, "ಮಾವ, ಬಿಪಿ ಇದೆ ನಿಮ್ಗೆ!" ಎಂದು ಕೂಗಿದರು.

"ಒಣಗಿಹೋದ ಸಮುದ್ರ ಕಣಮ್ಮ ಇದು. ಒಂದ್ ಸಲ ನೆಕ್ಕಿದ್ರೆ ಏನಾಗಲ್ಲ," ಎಂದು ಅವರನ್ನು ಒಳಗೆ ಕಳಿಸಿ, ನನ್ನ ಕಡೆ ತಿರುಗಿದರು. "ಮಗೂಗೆ ಹೇಳಿದ್ಯಾ ಸಾಕಮ್ಮ?"

ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ: "ಏನ್ ಸಾರ್?"

"ಏನು ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಒಂಬತ್ತು ವರ್ಷದ ಮಗು ಒಂದೇ ಮಧ್ಯಾಹ್ನದಲ್ಲಿ ಇನ್ನೂರ ಹದಿನಾಲ್ಕು ಕಲ್ಲು ಹುಣಸೆಹಣ್ಣು ಹಾಕಿ ತಿಕ್ಕುತ್ತೇನಮ್ಮ?"

ಇಪ್ಪತ್ತಾರು ವರ್ಷ ಅವರಿಗೆ ಗೊತ್ತಿತ್ತು, ಮಿತ್ರಾ. ನಾನು ಅವರನ್ನು ಏಮಾರಿಸಿದೆ ಎಂದುಕೊಂಡಿದ್ದೆ. "ಆ ತಿಂಗಳು ನಿನ್ನ ಕೆಲ್ಸ ಖಾಯಂ ಆಗೋದಿತ್ತು. ಫೈಲು ನನ್ನ ಟೇಬಲ್ ಮೇಲೇ ಇತ್ತು. ಸುಮ್ಮನಾಗ್ಬುಟ್ಟೆ. ದೊಡ್ಡೋರಿಬ್ರೂ ಸೇರ್ಕೊಂಡು ಮಗು ತಲೆ ಮೇಲೆ ಇಟ್ಬುಟ್ವಿ," ಎಂದರು. ಆಮೇಲೆ ಮೆಲ್ಲಗೆ, "ಇನ್ಯಾವಾಗ ಹೇಳ್ತೀಯಮ್ಮ? ನಾವಿಬ್ರೂ ಹೋದ್ಮೇಲಾ?" ಎಂದರು. ಕಾಫಿ ಬಂತು, ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಹೇಳುತ್ತೇನೆ ಕೇಳು.

೧೯೯೯ನೇ ಇಸವಿ, ಆಯುಧಪೂಜೆಯ ಹಿಂದಿನ ದಿನ. ಐದು ವರ್ಷದಿಂದ ದಿನಗೂಲಿಯಲ್ಲಿದ್ದೆ, ಮ್ಯೂಸಿಯಂಗೆ ಹಾಕಿ ಎರಡು ತಿಂಗಳೂ ಆಗಿರಲಿಲ್ಲ. ಫಿಸಿಕ್ಸಿನವರು ತಕ್ಕಡಿ ತೊಳೆದಿಟ್ಟಿದ್ದರು, ವರ್ಕ್‌ಶಾಪಿನವರು ಲೇತು ಒರೆಸಿ ಕುಂಕುಮ ಇಟ್ಟಾಗಿತ್ತು, ಡ್ರೈವರುಗಳು ಜೀಪಿಗೆ ಬಾಳೆಕಂದು ಕಟ್ಟಿದ್ದರು. ನಮ್ಮ ವಿಭಾಗಕ್ಕೆ ಆಯುಧ ಯಾವುದು? ಕಲ್ಲೇ ಅಲ್ಲವೇ? ನಿಮ್ಮಪ್ಪ ಬೆಳಿಗ್ಗೆ ಬುದ್ಧವಂದನೆ ಮುಗಿಸಿ, "ಕಲ್ಲಿಗ್ಯಾಕಮ್ಮ ಪೂಜೆ?" ಎಂದು ಹಾಸ್ಯ ಮಾಡಿಯೇ ಕಳಿಸಿದ್ದರು. ನನಗೆ ಮಾತ್ರ ಮೇಷ್ಟ್ರ ಹತ್ತಿರ ಸೈ ಎನ್ನಿಸಿಕೊಳ್ಳಬೇಕೆಂಬ ಹಟ. ಬೀರುಗಳಿಂದ ಅಷ್ಟೂ ಕಲ್ಲು ಇಳಿಸಿ, ಹಿತ್ತಲಿನ ನಲ್ಲಿ ಹತ್ತಿರ ಹರಡಿಕೊಂಡು, ಹಬ್ಬಕ್ಕೆ ಹಿತ್ತಾಳೆ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಒಂದೊಂದು ಕಲ್ಲಿನ ಮೇಲೂ ಬಿಳೀ ಪೇಂಟಿನ ಚುಕ್ಕೆ, ಅದರ ಮೇಲೆ ಕರೀ ಶಾಯಿಯಲ್ಲಿ ನಂಬರು ಇತ್ತು. ಯಾರೋ ಸುಣ್ಣ ಹೊಡೆಯುವಾಗ ಸಿಡಿಸಿದ್ದಾರೆ ಎಂದು ಅದನ್ನೇ ಇನ್ನೂ ಜೋರಾಗಿ ತಿಕ್ಕಿದೆ.

ನೂರ ಎಂಬತ್ತೇಳನೇ ಕಲ್ಲು ಎಲ್ಲಕ್ಕಿಂತ ಕೊಳಕಾಗಿತ್ತು. ಮಳೆಗಾಲದಲ್ಲಿ ಬೆವರಿ ಧೂಳೆಲ್ಲ ಮೆತ್ತಿಕೊಂಡಿತ್ತು. ಮೊದಲು ನೆನೆಯಲಿ, ಆಮೇಲೆ ತಿಕ್ಕೋಣ ಎಂದು ಬಕೆಟ್ಟಿಗೆ ಹಾಕಿಟ್ಟೆ. ನಿನಗೆ ದಸರಾ ರಜೆ, ನನ್ನ ಜೊತೆ ಬಂದು, ಚೊಂಬಿನಲ್ಲಿ ನೀರು ತಂದು ತಂದು ಸುರಿಯುತ್ತಿದ್ದೆ. ಲಂಗವೆಲ್ಲ ತೊಯ್ದಿತ್ತು, ನಗುತ್ತಿದ್ದೆ. ಕೊನೆಗೆ ನಾನು ಕೈ ಹಾಕಿ ತಡಕಿದರೆ ಸವೆದ ಸೋಪಿನಷ್ಟು ಒಂದು ಚೂರು ಸಿಕ್ಕಿತು. ಬೆರಳು ನಾಲಿಗೆಗೆ ಮುಟ್ಟಿಸಿ ನೋಡಿದೆ. ಉಪ್ಪೋ ಉಪ್ಪು.

ನೀರು ತಂದವಳು ನೀನು ನಿಜ. ಬಕೆಟ್ಟಿಗೆ ಆ ಕಲ್ಲು ಹಾಕಿದವಳು ನಾನು, ಮಿತ್ರಾ. ನಂಬರುಗಳನ್ನು ಅಳಿಸಿದವಳೂ ನಾನು. ಆ ತಪ್ಪಿನಲ್ಲಿ ನಿನ್ನದು ಒಂದು ಚೊಂಬಿನಷ್ಟೂ ಇಲ್ಲ.

ಆಮೇಲಿನದ್ದು ನಿನಗೂ ಗೊತ್ತು. ಎರಡು ತಿಂಗಳು ಮೇಷ್ಟ್ರೂ ನಾನೂ ಹಳೇ ರಿಜಿಸ್ಟರ್ ಇಟ್ಟುಕೊಂಡು ಒಂದೊಂದೇ ಕಲ್ಲನ್ನು ತೂಗಿ, ಗೀಚಿ, ಲೆನ್ಸಿನಲ್ಲಿ ನೋಡಿ ಮತ್ತೆ ನಂಬರು ಬರೆದೆವು. ಎಸ್ಸೆಸ್ಸೆಲ್ಸಿ ಓದಿದ ನನಗೆ ಕಲ್ಲಿನ ಗುರುತು ಸಿಕ್ಕಿದ್ದೇ ಹಾಗೆ. ಇವತ್ತು ಅಕ್ಷತಾ "ಸಾಕಮ್ಮನೋರಿಲ್ದಿದ್ರೆ ನಾವು ಕೆಟ್ಟೆವು" ಎನ್ನುವಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನನಗೆ ತಲೆ ಎತ್ತಲು ಆಗುವುದಿಲ್ಲ. ತಪ್ಪು ಮಾಡಿದವಳಿಗೆ ವಿದ್ಯೆ ಬಂತು, ಖಾಯಂ ಕೆಲಸ ಬಂತು. ನಿನಗೆ ಬಂದದ್ದು ಬಾಗಿಲಿನ ಮೇಲೊಂದು ಬೋರ್ಡು: ಮಕ್ಕಳಿಗೆ ಪ್ರವೇಶವಿಲ್ಲ.

ಹತ್ತನೇ ಕ್ಲಾಸಿನ ತನಕ ದಿನಾ ಸಂಜೆ ನಾಲ್ಕರಿಂದ ಐದೂವರೆ, ನಾನು ಬೀಗ ಹಾಕುವ ತನಕ, ನೀನು ಹೊರಗೆ ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡಿದೆ. ಮೇಷ್ಟ್ರು ಆಗಾಗ ಕಿಟಕಿಯ ಸರಳಿನ ಸಂದಿಯಿಂದ ಒಂದು ಕಲ್ಲು ಕೊಟ್ಟು, "ಇದ್ಯಾವುದು ಹೇಳು ನೋಡೋಣ" ಎನ್ನುತ್ತಿದ್ದರು. ನೀನು ಎರಡೂ ಕೈಯೊಡ್ಡಿ, ಬೀಳಿಸಿಬಿಟ್ಟೇನೋ ಎಂಬ ಭಯದಲ್ಲಿ ಹಿಡಿದುಕೊಳ್ಳುತ್ತಿದ್ದೆ. ಅವರಿಗೆ ನಿನ್ನ ಮೇಲೆ ವಿಶ್ವಾಸ ಎಂದುಕೊಂಡಿದ್ದೆ. ವಿಶ್ವಾಸವೂ ಇತ್ತು, ಮನಸ್ಸಿನಲ್ಲಿ ಕಸಿವಿಸಿಯೂ ಇತ್ತು ಎಂದು ಈಗ ತಿಳಿಯುತ್ತದೆ.

ಇನ್ನೊಂದು ನಾನು ಕಂಡೂ ಕಾಣದ ಹಾಗಿದ್ದದ್ದು. ಅವತ್ತಿನಿಂದ ನೀನು ಊಟಕ್ಕೆ ಕೂತಾಗ ಉಪ್ಪಿನ ಬಟ್ಟಲು ಮುಟ್ಟುತ್ತಿರಲಿಲ್ಲ. ಸಾರು ಸಪ್ಪೆಯಾದರೂ ಸುಮ್ಮನೆ ಉಣ್ಣುತ್ತಿದ್ದೆ. "ನಮ್ಮ ಮಗಳಿಗೆ ಬಾಯಿ ರುಚಿ ಇಲ್ಲ" ಎಂದು ನಿಮ್ಮಪ್ಪ ನಗುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ಆ ಭಾನುವಾರ ಮೇಷ್ಟ್ರ ಮನೆಯಿಂದ ಬಂದು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಟಿವಿ ಆರಿಸಿ, "ನಂಗ್ಯಾಕೆ ಹೇಳ್ತೀಯ, ಮಗೀಗೆ ಬರಿ" ಎಂದರು. ಅವತ್ತಿನಿಂದ ನನ್ನ ಹತ್ತಿರ ಹೆಚ್ಚು ಮಾತಿಲ್ಲ. ಈ ಕಾಗದ ಅಂಚೆಗೆ ಹಾಕಿದ ಮೇಲೆ ಸರಿಹೋಗುತ್ತಾರೆ.

ನಿನ್ನ ಹಳೇ ಸ್ಕೂಲ್ ಕಾರ್ಡು ಬೀರುವಿನಲ್ಲಿ ಸಿಕ್ಕಿತು. ನಾಲ್ಕನೇ ಕ್ಲಾಸು, ಎತ್ತರ ಒಂದು ಮೀಟರು ಮೂವತ್ತು. ವರ್ಷಕ್ಕೆ ಐದು ಸೆಂಟಿಮೀಟರಿನ ಹಾಗೆ ಇಪ್ಪತ್ತಾರು ವರ್ಷಕ್ಕೆ ಎಷ್ಟಾಗುತ್ತದೆ ನೀನೇ ಗುಣಿಸಿ ನೋಡು. ಅವತ್ತಿನಿಂದ ಇವತ್ತಿಗೆ ಈ ನೆಲ ಸರಿದಿರುವುದು ಅವತ್ತಿನ ನಿನ್ನ ಎತ್ತರದಷ್ಟು. ನನಗೆ ಒಂದು ಮಾತು ಹೇಳಲು ಅಷ್ಟು ಕಾಲ ಬೇಕಾಯಿತು.

ಹಳೇ ಬೀರುವಿನ ನೂರ ಎಂಬತ್ತೇಳನೇ ಖಾನೆಯಲ್ಲಿ ಇವತ್ತಿಗೂ ಚೀಟಿ ಮಾತ್ರ ಇದೆ. ಇಷ್ಟು ವರ್ಷ ಯಾರು ಉಪ್ಪುಗಲ್ಲು ತಂದುಕೊಟ್ಟರೂ ಮೇಷ್ಟ್ರು ನಿವೃತ್ತರಾದ ಮೇಲೂ ಅಲ್ಲಿ ಇಡಲು ಬಿಟ್ಟಿರಲಿಲ್ಲ. ಯಾಕೆ ಎಂದು ಈಗ ನನಗೆ ಗೊತ್ತು: ನಿಜ ಹೇಳುವ ತನಕ ಅದು ತುಂಬಬಾರದಿತ್ತು. ಹೊಸ ಬೀರುವಿನಲ್ಲೂ ಅದೇ ನಂಬರಿನ ಖಾನೆ ಮಾಡಿದ್ದಾರೆ, ನಿನ್ನ ಕಲ್ಲನ್ನು ನಾನು ಅಲ್ಲಿ ಇಟ್ಟಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಕ್ಕಿ ಡಬ್ಬಿಯೊಳಗೆ ತೇವ ತಾಗದಂತೆ ಇಟ್ಟಿದ್ದೇನೆ. ಕ್ಷಮೆ ಕೋರುವ ಚೀಟಿ ಹರಿದು ಹಾಕಿದೆ. ಡಿಸೆಂಬರ್ ಇಪ್ಪತ್ತಕ್ಕೆ ಉದ್ಘಾಟನೆ. ರಜೆ ಸಿಕ್ಕರೆ ಬಾ. ಬಂದರೆ ಬಾಗಿಲಿನಿಂದಲೇ ಒಳಗೆ ಬಾ, ಕಲ್ಲು ನೀನೇ ಇಡು. ಕೋಪ ಬಂದು ಬರಲು ಮನಸ್ಸಾಗದಿದ್ದರೆ ಅದೂ ನ್ಯಾಯವೇ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ನಿನ್ನ ಆಯಸ್ಸು ಗಟ್ಟಿಯಾಗಿರಲಿ. ಹತ್ತುವ ಬೆಟ್ಟ ನಿನ್ನ ಕಾಲಿಗೆ ಮೆತ್ತಗಿರಲಿ. ಟೋಪಿ ಹಾಕಿಕೋ.

ನಿನ್ನ ಅಮ್ಮ,
ಸಾಕಮ್ಮ

ಮರೆತು ಸೇರಿಸುತ್ತಿರುವುದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು:

ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಅವತ್ತು ಮೇಷ್ಟ್ರು ರೂಮಿಗೆ ಕರೆದು "ಯಾರು ಮಾಡಿದ್ದು?" ಎಂದಾಗ ನೀನು ಬಾಗಿಲ ಹತ್ತಿರ ಒದ್ದೆ ಲಂಗದಲ್ಲಿ ನಿಂತಿದ್ದೆ. ನಾನು ನಿನ್ನ ಕಡೆ ಕೈ ತೋರಿಸಿ, "ಮಗು ಸಾರ್, ಗೊತ್ತಾಗ್ದೆ ಮಾಡ್ಬುಡ್ತು" ಎಂದೆ. ಕೆಲಸ ಹೋಗುತ್ತದೆಂಬ ಭಯಕ್ಕೆ ಬಾಯಿಗೆ ಬಂದ ಮಾತು ಅದು. ಅಷ್ಟೇ ಆಗಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ನಾನೇ ಸ್ವಲ್ಪ ಕ್ಷಮಿಸಿಕೊಂಡಿರುತ್ತಿದ್ದೆನೋ ಏನೋ.

ಆದರೆ ಆಮೇಲೆ ನಾವಿಬ್ಬರೂ ನಡೆದುಕೊಂಡು ಮಂಡಿ ಮೊಹಲ್ಲಾದ ಬಾಡಿಗೆ ಮನೆಗೆ ಹೊರಟೆವು. ಬೀದಿಯೆಲ್ಲ ಬೂದುಗುಂಬಳಕಾಯಿ, ಸೇವಂತಿಗೆ ರಾಶಿ. ಅರ್ಧ ದಾರಿಯಲ್ಲಿ ನೀನು ನನ್ನ ಸೆರಗು ಎಳೆದು ನಿಲ್ಲಿಸಿ ಕೇಳಿದೆ: "ಅಮ್ಮಾ, ಆ ಕಲ್ಲು ನೀರಿಗೆ ಹಾಕಿದ್ದು ನಾನೇನಾ?"

ಸುತ್ತ ಯಾರೂ ಕೇಳುವವರಿರಲಿಲ್ಲ. ಯಾವ ಮೇಷ್ಟ್ರೂ ಇರಲಿಲ್ಲ. ನಿಜ ಹೇಳಿದ್ದರೆ ನನ್ನ ಕೆಲಸಕ್ಕೆ ಏನೂ ಆಗುತ್ತಿರಲಿಲ್ಲ. ಮನೆಯಲ್ಲೋ ಸ್ಕೂಲಲ್ಲೋ ನೀನು ಬಾಯಿ ಬಿಟ್ಟರೇನು ಗತಿ ಎಂದು, "ಹೂಂ ಕಣೆ, ನೀನೇ" ಎಂದೆ.

"ನಂಗೆ ಗ್ಯಾಪ್ಕಾನೇ ಇಲ್ವಲ್ಲಮ್ಮ."

"ಮರ್ತೋಗಿದೀಯ."

ಸ್ವಲ್ಪ ದೂರ ನಡೆದು ನೀನು, "ನಿನ್ ಕೆಲ್ಸ ಹೋಗಲ್ಲ ತಾನೇ?" ಎಂದು ಕೇಳಿದೆ. ಹೋಗುವುದಿಲ್ಲ ಎಂದೆ ನಾನು. ಆಗ ನೀನು ನನ್ನ ಕೈ ಹಿಡಿದುಕೊಂಡು, "ತಪ್ಪಾಯ್ತಮ್ಮ, ಇನ್ಮೇಲೆ ಮುಟ್ಟಲ್ಲ" ಎಂದೆ.

ಅವತ್ತು ನಿನ್ನ ಜ್ಞಾಪಕ ಸರಿಯಾಗಿಯೇ ಇತ್ತು, ಮಗಳೇ.